ಮಾವನವರ ಹಗಲು, ರಾತ್ರಿ

ಆಗಸ್ಟ್ 4, ಸೋಮವಾರ. ಬೆಳಿಗ್ಗೆ 5.40

ಹಾಲು ಒಲೆಯ ಮೇಲಿದೆ. ಉಕ್ಕುವುದರೊಳಗೆ ನಾಲ್ಕು ಸಾಲು.

ಮಾವನವರು ಇವತ್ತೂ ಒಂದೂವರೆಗೇ ಎದ್ದರು. ತಣ್ಣೀರು ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಲಿಂಗಪೂಜೆ ಮುಗಿಸಿ ಕುಳಿತಿದ್ದರು. ನನ್ನ ಹೆಜ್ಜೆ ಸದ್ದಿಗೆ, "ಕಾಫಿ ಆಯ್ತಾ ಚೈತ್ರವ್ವಾ?" ಎಂದರು. ಇದು ನಡುರಾತ್ರಿ ಎನ್ನಲು ಬಾಯಿ ಬರಲಿಲ್ಲ. ಕಾಸಿ ಕೊಟ್ಟೆ. ಎಷ್ಟು ಹೊತ್ತಾದರೂ ಹಾಲಿನ ವ್ಯಾನ್ ಬರಲಿಲ್ಲ. ತಾವೇ ತಿಳಿದುಕೊಂಡು ಹೋಗಿ ಮಲಗಿದರು.

ಕಣ್ಣಿನ ಪ್ರೆಷರ್‌ನಿಂದ ಎರಡೂ ಕಣ್ಣು ಹೋಗಿ ಏಳು ತಿಂಗಳು. ಬೇಸಿಗೆಯಲ್ಲಿ ಇಷ್ಟು ಕಷ್ಟವಿರಲಿಲ್ಲ. ಬಿಸಿಲು ಯಾವ ಕೆನ್ನೆಗೆ ಬಿತ್ತೆಂದು ಗಮನಿಸಿ ಗಂಟೆ ಹೇಳುತ್ತಿದ್ದರು. ಈಗ ಹದಿನೈದು ದಿನದಿಂದ ಸೋನೆ. ಹಗಲೂ ತಣ್ಣಗೆ, ರಾತ್ರಿಯೂ ತಣ್ಣಗೆ.

ಉಕ್ಕಿತು...

ಆಗಸ್ಟ್ 5

ಸ್ಕೂಲಿನಲ್ಲಿ ಇವತ್ತು ಆರನೇ ತರಗತಿಗೆ ನನ್ನ ಹಗಲು-ರಾತ್ರಿ ಪಾಠ. ಒಂದು ಚೆಂಡು, ಒಂದು ಟಾರ್ಚು. ಸೂರ್ಯ ಎಲ್ಲಿಗೂ ಹೋಗುವುದಿಲ್ಲ. ಭೂಮಿಯೇ ತನ್ನ ಸುತ್ತ ತಿರುಗುತ್ತದೆ. ಬೆಳಕಿಗೆ ಮುಖ ಕೊಟ್ಟ ಕಡೆ ಹಗಲು, ಬೆನ್ನು ಕೊಟ್ಟ ಕಡೆ ರಾತ್ರಿ. ಎಲ್ಲ ಗ್ರಹಗಳಿಗೂ ಇಷ್ಟೇ. ಮಕ್ಕಳು ಗಟ್ಟಿಯಾಗಿ ಒಪ್ಪಿಸಿದರು.

ಮನೆಗೆ ಬಂದರೆ ಮಾವ ಮಧ್ಯಾಹ್ನದ ಊಟವನ್ನು ರಾತ್ರಿಯದು ಎಂದುಕೊಂಡು, ಉಂಡು ಮಲಗಿಬಿಟ್ಟಿದ್ದಾರೆ.

ಆಗಸ್ಟ್ 9, ಶನಿವಾರ. ಬೆಳಿಗ್ಗೆ 7



ರಾತ್ರಿ ಎರಡು ಗಂಟೆಗೆ ಫಾರೆಸ್ಟ್ ವಾಚರ್ ಕಂಠಪ್ಪ ಬಾಗಿಲು ಬಡಿದ. ಪಕ್ಕದಲ್ಲಿ ಮಾವ. ಮೊಣಕಾಲವರೆಗೆ ಕೆಸರು.

"ಕಾಡಂಚಿನ ಆನೆ ಕಂದಕದ ಅಂಚಲ್ಲಿ ನಿಂತಿದ್ರು ಕಣವ್ವಾ. ಇನ್ನೆರಡು ಎಜ್ಜೆ ಇಟ್ಟಿದ್ರೆ ಒಳಕ್ಕೆ. ಆಚೆಗೇ ಸಲಗ ಇತ್ತು."

"ಬೆಳಗಾಯ್ತು ಅಂತ ಒಲದ ಕಡೆ ಒಂಟಿದ್ದೆ," ಎಂದರು ಮಾವ. ಅಪರಾಧ ಮಾಡಿದವರ ಹಾಗೆ.

ನಮ್ಮ ಯಜಮಾನರು ಹಿತ್ತಲಲ್ಲಿ ಹೊಗೆಸೊಪ್ಪಿನ ಬ್ಯಾರನ್ ಮನೆ ಮುಂದೆ ಕುಳಿತಲ್ಲೇ ತೂಕಡಿಸಿದ್ದರಂತೆ. ಒಳಗೆ ತೂಗುಹಾಕಿದ ಸೊಪ್ಪು ಶಾಖಕ್ಕೆ ಬೆಂದು ಒಣಗಲು ಹಗಲಿರುಳು ಉರಿ ಹಾಕಬೇಕು. ನಾಲ್ಕು ರಾತ್ರಿಯಿಂದ ನಿದ್ದೆಯಿಲ್ಲ. ತಮ್ಮ ಮೇಲಿನ ಸಿಟ್ಟನ್ನೆಲ್ಲ ಅಪ್ಪನ ಮೇಲೆ ತೀರಿಸಿದರು. ಬೆಳಗಾಗುತ್ತಲೇ ಮಾವನ ರೂಮಿನ ಬಾಗಿಲಿಗೆ ಹೊರಗಿನಿಂದ ಚಿಲಕ ಹೊಡೆದರು. ನಾನು ಬೇಡವೆಂದೆ.

"ಸತ್ತೋದ್ರೆ ನೀನ್ ತಂದ್ಕೊಡ್ತೀಯಾ?"



ಆಗಸ್ಟ್ 11

ಚಿಲಕದ ಸದ್ದು ಅವರಿಗೆ ಕೇಳಿಸುತ್ತದೆ. ನಿನ್ನೆಯಿಂದ ಊಟವಿಲ್ಲ. ಸಂಜೆ ತಟ್ಟೆ ಹಿಡಿದು ಪಕ್ಕದಲ್ಲಿ ಕುಳಿತೆ.

"ದನ ಕಟ್ದಂಗೆ ಕಟ್ಟವ್ನೆ. ದನಕ್ಕಾದ್ರೂ ಬೆಳಗಾದ್ದು ಗೊತ್ತಾಯ್ತದೆ. ನನ್ ಪಾಲಿಗೆ ಸೂರ್ಯ ಸತ್ತೋದ ಕಣವ್ವಾ."

ಏನು ತೋಚಿತೋ, ಕೈ ಹಿಡಿದು ಎಬ್ಬಿಸಿದೆ. ಬ್ಯಾರನ್ ಒಲೆಯ ಬಾಯಿಗೆ ನಾಲ್ಕು ಮಾರು ದೂರದಲ್ಲಿ ನಿಲ್ಲಿಸಿದೆ. ಇವರು ಸೌದೆ ಹಾಕುತ್ತಿದ್ದವರು ಹಾಗೇ ನಿಂತರು.

"ಮಾವ, ಈಗ ಶಾಖ ಎಲ್ಲಿದೆ?"

"ಮುಖಕ್ಕೆ."

"ಇದು ಮಧ್ಯಾಹ್ನ. ಎಡಕ್ಕೆ ತಿರುಗಿ... ಈಗ?"

"ಬಲಗೆನ್ನೆಗೆ."

"ಸಂಜೆ ಆಯಿತು. ಇನ್ನೂ ತಿರುಗಿ."

"ಬೆನ್ನಿಗೋಯ್ತು. ಮುಖ ತಣ್ಣಗಾಯ್ತು." ಕೆನ್ನೆ ಸವರಿಕೊಂಡರು. "ಇದು ರಾತ್ರಿ."

"ಬೆಂಕಿ ಆರಿತಾ?"

"ಎಲ್ ಆರ್ತದೆ? ಅದು ಇದ್ದಲ್ಲೇ ಅದೆ. ತಿರುಗ್ದೋನು ನಾನು."

ಆಮೇಲೆ ನಾನು ಹೇಳಬೇಕಾಗಲಿಲ್ಲ. ತಾವೇ ತಿರುಗಿದರು. ಎಡಗೆನ್ನೆ ಬೆಚ್ಚಗಾದಾಗ, "ಬೆಳಗಾಯ್ತು," ಎಂದರು. ಮೂರು ಸುತ್ತು. ಎಪ್ಪತ್ತೆರಡು ವರ್ಷ! ಬೀಳುತ್ತಾರೇನೋ ಎಂದು ಕೈ ಚಾಚಿಕೊಂಡೇ ಇದ್ದೆ.

"ಚುಕ್ಕಿಗೋಳಿಗೂ ಇಂಗೇಯಾ?"

ಗ್ರಹಗಳಿಗೂ ಹೀಗೇ, ತಿರುಗುವ ವೇಗ ಮಾತ್ರ ಬೇರೆ ಎಂದೆ. ಶುಕ್ರ ಬಹಳ ನಿಧಾನ, ಅಲ್ಲಿ ಒಂದು ರಾತ್ರಿ ಕಳೆಯಲು ನಮ್ಮ ಲೆಕ್ಕದಲ್ಲಿ ಹೆಚ್ಚು ಕಡಿಮೆ ಎರಡು ತಿಂಗಳು.

"ಅಯ್ಯೋ ಶಿವನೇ! ಅಲ್ಲಿ ಸೊಪ್ಪು ಬೇಯ್ಸೋನ್ ಗತಿ ಏನವ್ವಾ?"

ಇವರು ನಕ್ಕರು. ಎಷ್ಟು ದಿನವಾಗಿತ್ತು ಆ ಸದ್ದು ಕೇಳಿ. ಮಾವ ತಡವರಿಸುತ್ತ ಹೋಗಿ ಬ್ಯಾರನ್ ಗೋಡೆಗೆ ಅಂಗೈ ಇಟ್ಟರು.

"ನಗು ಆಮೇಲೆ. ಉರಿ ಇಳ್ದದೆ ಕಣ್ಲಾ, ಸೌದೆ ಆಕು."

ಇವರು ಹೋಗಿ ಥರ್ಮಾಮೀಟರ್ ನೋಡಿದರು. ನಾಲ್ಕು ಡಿಗ್ರಿ ಇಳಿದಿತ್ತು.

ಮಾವ ಒಂದು ಮುದ್ದೆ ಪೂರ್ತಿ ಉಂಡರು.

ಆಗಸ್ಟ್ 13

ಇವರಿಗೆ ಹೇಳಿಯೇಬಿಟ್ಟೆ. ಅವರಿಗೆ ರಾತ್ರಿ ನಿದ್ದೆ ಬರುವುದಿಲ್ಲ, ನಿಮಗೆ ನಿದ್ದೆ ಮಾಡಲು ಬಿಡುವಿಲ್ಲ. ಬ್ಯಾರನ್ ಹತ್ತಿರ ಅವರನ್ನೇ ಕೂರಿಸಿ.

"ಕಣ್ಣಿಲ್ದೋರ್ನ ಬೆಂಕಿ ಮುಂದೆ ಕೂರ್ಸು ಅಂತೀಯಲ್ಲಾ!"

ಜೋರು ಜಗಳ. ಎರಡು ದಿನದ ಹಿಂದೆ ನಕ್ಕ ಮನುಷ್ಯ ಇವರೇನಾ ಅನ್ನಿಸಿತು. ರೂಮಿನೊಳಗಿಂದ ಮಾವನ ದನಿ: "ಮೂವತ್ತು ವರ್ಸ ಬೇಯ್ಸಿವ್ನಿ ಕಣೋ ರೇಣುಕಾ. ಒಲೆ ಮುಟ್ಟಕಿಲ್ಲ. ಗೋಡೆ ಮುಟ್ಕೊಂಡ್ ಕೂತಿರ್ತೀನಿ. ಉರಿ ಇಳಿದ್ರೆ ಕೂಗ್ತೀನಿ. ಅಷ್ಟೇಯಾ."

ಇವರು ಎದ್ದು ಬ್ಯಾರನ್ ಕಡೆ ಹೋದರು.

ಆಗಸ್ಟ್ 16

ಇವತ್ತು ಸ್ಕೂಲಿನಿಂದ ಬಂದಾಗ ಮಾವನ ರೂಮಿನ ಬಾಗಿಲಲ್ಲಿ ಚಿಲಕ ಇರಲಿಲ್ಲ. ನಾಲ್ಕು ಸ್ಕ್ರೂ ತೂತು ಮಾತ್ರ. ಒಲೆಗೂ ಗೋಡೆಗೂ ನಡುವೆ ಬಿದಿರಿನ ತಡಿಕೆ ಅಡ್ಡ ಕಟ್ಟಿ, ಗೋಡೆ ಪಕ್ಕ ಮಾವನ ಮಂಚ ಹಾಕಿದ್ದಾರೆ.

 

ಆಗಸ್ಟ್ 22, ಶುಕ್ರವಾರ. ಬೆಳಗಿನ ಜಾವ 3.50

ಎಚ್ಚರವಾಯಿತು. ಪಾಠದ ಟಿಪ್ಪಣಿ ಬರೆಯುವುದು ಬಾಕಿ ಇತ್ತು, ಕುಳಿತೆ.

ನಿನ್ನೆ ಬ್ಯಾರನ್‌ನಿಂದ ಬೆಂದ ಸೊಪ್ಪು ಇಳಿಸಿದೆವು. ಸಂಜೆಗೇ ಮುಂದಿನ ಸೊಪ್ಪು ಏರಿಸಿ ಉರಿ ಹಾಕಿದ್ದಾಯಿತು. "ಬಣ್ಣ ಎಂಗ್ ಬಂದದ್ಲಾ?" ಎಂದು ಮಾವ ಕೇಳುತ್ತಲೇ ಇದ್ದರು. "ನಿಂಬೆಹಣ್ಣು ಕಣಪ್ಪಾ, ಸುಳ್ಳಲ್ಲ," ಎಂದು ಇವರು ಒಂದು ಎಲೆಯನ್ನು ಅವರ ಕೈಗಿಟ್ಟರು. ಅಪ್ಪ ಮಗ ಇಬ್ಬರೂ ಅದನ್ನು ಹಿಡಿದುಕೊಂಡು ನಿಂತಿದ್ದರು. ನಾನು ಒಳಗೆ ಬಂದುಬಿಟ್ಟೆ.

ಇವರಿಗೆ ಗಾಢ ನಿದ್ದೆ. ಬಾಯಿ ತೆರೆದು, ಮಗುವಿನ ಹಾಗೆ. ಇಡೀ ವಾರ ಒಂದು ಸಲವೂ ಬೈದಿಲ್ಲ.

ಮಾವ ಕೂಗುತ್ತಿದ್ದಾರೆ — "ಲೋ ರೇಣುಕಾ, ಸೌದೆ..."

ಇವರನ್ನು ಎಬ್ಬಿಸುವುದಿಲ್ಲ. ನಾನೇ ಹೋಗಿ ಸೌದೆ ಹಾಕುತ್ತೇನೆ.