ಒಲೆ ಸುತ್ತದ ಬಾತುಗಳು

ಹಂಗಳ
೯-೩-೨೦೨೬, ಸೋಮವಾರ

ಪ್ರೀತಿಯ ಮೋನಿಷಾಗೆ,

ಹೇಗಿದ್ದೀಯಮ್ಮ? ಕೆಮ್ಮು ಕಡಿಮೆಯಾಯಿತಾ? ಹೋದ ವಾರ ನಿಮ್ಮಪ್ಪನ ಹತ್ತಿರ ಫೋನಿನಲ್ಲಿ ಮಾತಾಡುವಾಗ ನೀನು ನಡುನಡುವೆ ಕೆಮ್ಮುತ್ತಿದ್ದೆ. ನಾನು ಪಕ್ಕದಲ್ಲೇ ರಾಗಿ ಹಸನು ಮಾಡುತ್ತಾ ಕೂತಿದ್ದೆ, ಕೇಳಿಸಿತು. ಆವತ್ತಿನಿಂದ ಅದೇ ಯೋಚನೆ. ಹಾಸ್ಟೆಲಿನಲ್ಲಿ ಬಿಸಿನೀರು ಕೊಡುತ್ತಾರೋ ಇಲ್ಲವೋ, ಕೊಟ್ಟರೂ ನಿನ್ನ ಸರದಿ ಬರುವಷ್ಟರಲ್ಲಿ ಮುಗಿದಿರುತ್ತದೋ ಏನೋ. ತಲೆಗೆ ನೀರು ಹಾಕಿಕೊಂಡ ದಿನ ಒದ್ದೆ ಕೂದಲಿಗೇ ಜಡೆ ಹಾಕಬೇಡ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿಮ್ಮ ವಾರ್ಡನ್ ಮೇಡಂ ಫೋನ್ ಕೊಡುವುದು ಭಾನುವಾರ ಒಂದು ಗಳಿಗೆ, ಅದು ಅಪ್ಪ ಮಗಳಿಗೇ ಸಾಲದು. ಅದಕ್ಕೇ ಕಾಗದ. ಏಳನೇ ಕ್ಲಾಸಿನ ನಡುವೆ ಸ್ಕೂಲು ಬಿಟ್ಟವಳು ನಾನು, ತಪ್ಪಿದ್ದ ಕಡೆ ಮನಸ್ಸಿನಲ್ಲೇ ತಿದ್ದಿಕೊಂಡು ಓದು. ಗೆಳತಿಯರಿಗೆ ಮಾತ್ರ ತೋರಿಸಬೇಡ.

ವಿಷಯ ಏನೆಂದರೆ, ನಮ್ಮ ಹಿತ್ತಲಿಗೆ ಬಾತುಕೋಳಿ ಬಂದಿವೆ. ನಾಲ್ಕು. ಮೂರು ಹೆಣ್ಣು, ಒಂದು ಗಂಡು. ನಿಮ್ಮಪ್ಪ ತಂದಿದ್ದಲ್ಲ, ನಾನೇ ತಂದೆ. ಯಾಕೆ ತಂದೆ ಎಂದು ಕರಿಬಸಮ್ಮ ಬೇಲಿ ಆಚೆಯಿಂದ ದಿನಾ ಕೇಳುತ್ತಾರೆ. ಅವರಿಗೆ ಹೇಳಿಲ್ಲ, ನಿನಗೆ ಹೇಳುತ್ತೇನೆ. ಸಂಕ್ರಾಂತಿಗೆ ನಿಮ್ಮಪ್ಪ, ನಾನು ನಿನ್ನನ್ನು ಕರೆದುಕೊಂಡು ಚಾಮರಾಜನಗರದಿಂದ ಬರುತ್ತಿದ್ದೆವಲ್ಲ, ತೆರಕಣಾಂಬಿ ದಾಟಿದ ಮೇಲೆ ಬಸ್ಸು ನಿಂತುಬಿಟ್ಟಿತು. ರಸ್ತೆಯ ಈ ಬದಿಯಿಂದ ಆ ಬದಿಗೆ ಬಾತುಕೋಳಿಗಳ ಮಂದೆ ದಾಟುತ್ತಿತ್ತು. ಕಂಡಕ್ಟರು ಕಿಟಕಿಗೆ ಬಡಿದು, 'ಏನ್ ಸಾಮಿ, ಇವ್ಕೂ ಫ್ರೀ ಟಿಕೆಟ್ಟಾ?' ಎಂದು ಕೂಗಿದ. ನೀನು ಸೀಟಿನ ಮೇಲೆ ನಿಂತು ನಕ್ಕೆ. ನಕ್ಕು ನಕ್ಕು ಪಕ್ಕದಲ್ಲಿದ್ದ ಕೈ ಹಿಡಿದುಕೊಂಡೆ. ಅದು ನನ್ನ ಕೈ ಎಂದು ತಿಳಿದಾಗ ಮೆಲ್ಲಗೆ ಬಿಟ್ಟೆ. ಅದಕ್ಕೆ ನನಗೇನೂ ಬೇಜಾರಿಲ್ಲ ಕಣಮ್ಮ. ನಾನು ಈ ಮನೆಗೆ ಬಂದು ಇದು ಎರಡನೇ ಯುಗಾದಿ, ನೀನು ನಕ್ಕಿದ್ದು ನಾನು ನೋಡಿದ್ದು ಅದೊಂದೇ ಸಲ. ಅದು ಕಣ್ಣಿಗೆ ಕಟ್ಟಿದ ಹಾಗೇ ಇದೆ.

ಶಿವರಾತ್ರಿ ಕಳೆದ ಮೇಲೆ ನಮ್ಮ ಕೆರೆಯ ಕೆಳಗಡೆ ಅಂಥದೇ ಒಂದು ಮಂದೆ ಇಳಿಯಿತು. ಸತ್ಯಮಂಗಲದ ಕಡೆಯ ಮುದುಕ ಒಬ್ಬ, ಗೂಡಾರ ಹಾಕಿಕೊಂಡಿದ್ದ. ಒಂದು ಬಾತು ಕೊಡಿ ಎಂದು ಕೇಳಿದರೆ ಕೊಡಲೇ ಇಲ್ಲ. 'ಒಂಟಿ ಬಾತು ಒಯ್ಬೇಡಿ ಅಮ್ಮಾ, ಅದು ನೀರು ಬುಟ್ಟು ಕಣ್ಣೀರು ಕುಡೀತದೆ' ಎಂದ. ಹಾಗಾಗಿ ನಾಲ್ಕು. ಗೋಣಿಚೀಲಕ್ಕೆ ಮೂತಿ ಆಚೆ ಬರುವಷ್ಟು ತೂತು ಮಾಡಿ ಕೊಟ್ಟ. ಚೀಲ ಸೊಂಟದ ಮೇಲೆ ಇಟ್ಟುಕೊಂಡು ಕೆರೆ ಏರಿಯ ಮೇಲೆ ಬರುತ್ತಿದ್ದೆ, ನಾಲ್ಕು ಮೂತಿಗಳೂ ಗೋಪಾಲಸ್ವಾಮಿ ಬೆಟ್ಟದ ಕಡೆ ನೋಡುತ್ತಿದ್ದವು. ಒಂದೂ ಸದ್ದಿಲ್ಲ. ನನಗೆ ದಾರಿಯುದ್ದಕ್ಕೂ ಭಯ. ಇವಕ್ಕೆ ಉಸಿರು ಕಟ್ಟಿತೇ, ಇವು ಹೆದರಿವೆಯೇ, ಅಷ್ಟು ದೊಡ್ಡ ಮಂದೆಯಿಂದ ಬಿಡಿಸಿ ತಂದ ಪಾಪ ನನಗೆ ಬರುತ್ತದೆಯೇ ಎಂದು.

ಮೊದಲ ಎರಡು ದಿನ ಅವು ತಿನ್ನಲೇ ಇಲ್ಲ. ನಾಲ್ಕೂ ನುಗ್ಗೆಮರದ ಬುಡಕ್ಕೆ ಒತ್ತಿಕೊಂಡು, ಯಾರೋ ಕರೆಯುತ್ತಾರೆ ಎಂದು ಕಾದ ಹಾಗೆ ಕತ್ತು ಎತ್ತಿಕೊಂಡು ನಿಂತಿದ್ದವು. ನಾನೂ ತಿನ್ನಲಿಲ್ಲ. ಕೆಂಪು ಪ್ಲಾಸ್ಟಿಕ್ ಟಬ್ಬಿನಲ್ಲಿ ನೀರಿಟ್ಟರೆ ಅದನ್ನು ಕಂಡು ಓಡಿದವು. ತಿರುಗಿ ಮುದುಕನ ಹತ್ತಿರ ಹೋದೆ. ಮೂಗು ಮುಳುಗಿ ಕಣ್ಣು ತೊಳೆಯುವಷ್ಟು ಆಳ ಇರಬೇಕು, ನೆಲಕ್ಕೆ ಸಮ ಇರಬೇಕು, ಸೋಪಿನ ನೀರು ಸೇರಬಾರದು, ಸೇರಿದರೆ ರೆಕ್ಕೆಯ ಎಣ್ಣೆ ಹೋಗಿ ನೀರಿನಲ್ಲಿ ನೆನೆದು ನಡುಗುತ್ತವೆ ಎಂದ. ನುಗ್ಗೆಮರದ ಕೆಳಗೆ ಗುಂಡಿ ತೋಡಿ, ಟಾರ್ಪಾಲು ಹಾಸಿ, ಅಂಚಿಗೆ ಕಲ್ಲು ಜೋಡಿಸಿದೆ. ಬಚ್ಚಲ ನೀರನ್ನು ಬೇರೆ ಕಡೆ ತಿರುಗಿಸಿದೆ. ಆದರೂ ಒಂದು ತೊಟ್ಟು ಹರಿದು ಹೋದರೆ ಎಂದು ಶನಿವಾರ ಬದನಗುಪ್ಪೆಯಿಂದ ಬಂದ ನಿಮ್ಮಪ್ಪನಿಗೆ ಸೋಪು ಹಾಕಬೇಡಿ ಎಂದೆ. 'ಫ್ಯಾಕ್ಟ್ರೀಲಿ ವಾರವೆಲ್ಲ ಎಣ್ಣೆ ಗ್ರೀಸು ಮೈಗೆ ಅಂಟಿಸ್ಕೊಂಡು ಬಂದಿವ್ನಿ, ನಂಗೇನು ರೆಕ್ಕೆ ಐತಾ?' ಎಂದು ನಕ್ಕರು. ಆದರೂ ಆವತ್ತು ಕಡಲೆಹಿಟ್ಟಿನಲ್ಲೇ ಸ್ನಾನ ಮಾಡಿದರು, ನಾನು ಹೇಳಿದೆ ಎಂದು ಅವರಿಗೆ ಹೇಳಬೇಡ.

ಗಂಡು ಬಾತಿನ ಬಾಲದ ಮೇಲೆ ಒಂದು ಗರಿ ಸುರುಳಿ ಸುತ್ತಿದೆ, ನೋಡಲು ಚೆಂದ. ಆದರೆ ಅದಕ್ಕೆ ದನಿಯೇ ಇಲ್ಲ. ಹೆಣ್ಣುಗಳು ಜಗಲಿಯಲ್ಲಿ ಕೂತು ಯಾರನ್ನೋ ಆಡಿಕೊಳ್ಳುವ ಮುದುಕಿಯರ ಹಾಗೆ ಗದ್ದಲ ಮಾಡಿದರೆ, ಇದು ಗಂಟಲು ಕಟ್ಟಿದ ಹಾಗೆ ಪಿಸುಗುಡುತ್ತದೆ. ನಿನ್ನ ಕೆಮ್ಮಿನ ಯೋಚನೆಯಲ್ಲೇ ಇದ್ದೆನಲ್ಲ, ಇದಕ್ಕೂ ಶೀತವಾಗಿದೆ ಎಂದು ಮೆಣಸು ಜಜ್ಜಿ ಕಷಾಯ ಕುಡಿಸಲು ಹೋದೆ. ನನ್ನ ಮೇಲೇ ಉಗುಳಿತು. ಗಂಡು ಬಾತಿಗೆ ಹುಟ್ಟಿನಿಂದಲೇ ದನಿ ಅಷ್ಟೇ ಅಂತೆ.

ಈಗ ಒಂದು ಪೆದ್ದತನ ಹೇಳಬೇಕು. ನಮ್ಮ ಕಡೆ ಹೊಸ ಕೋಳಿಯಾಗಲಿ ಬೆಕ್ಕಾಗಲಿ ಮನೆಗೆ ತಂದರೆ ಒಲೆಯ ಸುತ್ತ ಮೂರು ಸುತ್ತು ಸುತ್ತಿಸಿ ಬಿಡುತ್ತಾರೆ. ಸುತ್ತಿದ ಜೀವ ಆ ಮನೆ ಬಿಟ್ಟು ಹೋಗುವುದಿಲ್ಲ ಎಂದು ನಂಬಿಕೆ. ಬಾತಿಗೂ ಮಾಡೋಣ ಎಂದರೆ ನಮ್ಮದು ಗ್ಯಾಸ್ ಒಲೆ, ಕಟ್ಟೆ ಮೇಲೆ ಗೋಡೆಗೆ ಅಂಟಿಕೊಂಡು ಕೂತಿದೆ, ಸುತ್ತುವುದು ಹೇಗೆ? ನಾನು ತುಂಬ ಹೊತ್ತು ಯೋಚನೆ ಮಾಡಿದೆ. ಉರಿಯುವುದು ಸಿಲಿಂಡರಿನೊಳಗಿನದೇ ತಾನೆ ಎಂದು, ಅದನ್ನೇ ಎಳೆದು ಅಡುಗೆಮನೆಯ ನಡುವೆ ನಿಲ್ಲಿಸಿ, ಅರಿಶಿನ ಕುಂಕುಮ ಇಟ್ಟು, ಒಂದೊಂದೇ ಬಾತನ್ನು ಕಂಕುಳಲ್ಲಿ ಇರುಕಿಕೊಂಡು ಮೂರು ಮೂರು ಸುತ್ತು ಹಾಕಿದೆ. ನಿಮ್ಮಪ್ಪ ಬಾಗಿಲಲ್ಲಿ ನಿಂತು ನೋಡಿದರು. 'ಆಯ್ತು ಬುಡು, ಇನ್ ಮ್ಯಾಲೆ ಇವು ತಪ್ಪಿಸ್ಕೊಂಡ್ರೆ ಊರೆಲ್ಲ ಉಡ್ಕಂಗಿಲ್ಲ ಕಣಮ್ಮಿ. ಸೀದಾ ಗುಂಡ್ಲುಪೇಟೆ ಗ್ಯಾಸ್ ಆಪೀಸ್ ಮುಂದೆ ಓಗಿ ನಿಂತಿರ್ತವೆ' ಎಂದರು.

ಹೋದ ಸೋಮವಾರ ಬೆಳಗಾಗುವ ಮುಂಚೆ ಅವರು ಬಸ್ಸಿಗೆ ಹೋದರು, ಹಿತ್ತಲ ಬಾಗಿಲು ಓರೆಯಾಗಿತ್ತು. ನಾನು ಎದ್ದು ನೋಡಿದರೆ ಒಂದು ಬಾತೂ ಇಲ್ಲ. ಮೋನಿ, ಚಿರತೆಯೋ ನಾಯಿಯೋ ಎಂದು ಬೇಲಿಯುದ್ದಕ್ಕೂ ಗರಿ ಹುಡುಕಿದೆ. ಮಣ್ಣಿನಲ್ಲಿ ಎಲೆಯ ಅಚ್ಚು ಒತ್ತಿದ ಹಾಗೆ ಪುಟ್ಟ ಪುಟ್ಟ ಹೆಜ್ಜೆಗಳು ಸಾಲಾಗಿ ಹೋಗಿದ್ದವು. ಅದನ್ನೇ ನೋಡಿಕೊಂಡು ಹೋದರೆ, ಪುಟ್ಟಮಲ್ಲಪ್ಪನವರ ಬಾಳೆ ತೋಟದ ಕಾಲುವೆಯಲ್ಲಿ ನಾಲ್ಕೂ ತಲೆ ನೀರೊಳಗೆ, ಬಾಲ ಆಕಾಶಕ್ಕೆ. ಪುಟ್ಟಮಲ್ಲಪ್ಪನವರು ಮಫ್ಲರು ಸುತ್ತಿಕೊಂಡು ನಿಂತಿದ್ದವರು, 'ಬಾವ್ವಾ, ನಿಮ್ ಮನೆ ನೆಂಟರು ಜಳಕಕ್ಕೆ ಬಂದವ್ರೆ. ಸೋಪ್ ಕೊಡ್ನಾ?' ಎಂದರು. ಸೋಪಿನ ಸುದ್ದಿ ಊರಿಗೇ ಗೊತ್ತಾಗಿದೆ ನೋಡು.

ಎರಡು ಕಡ್ಡಿ ಹಿಡಿದು ಓಡಿಸಿಕೊಂಡು ಬಂದಾಗ ಕರಿಬಸಮ್ಮ ನಮ್ಮ ಹಿತ್ತಲಿಗೇ ಬಂದು ಬೈದರು. 'ಸಿಲಿಂಡ್ರಿಗೆ ಬೂದಿ ಇದ್ದದಾ? ಬೂದಿ ಇರೋ ಒಲೆ ಸುತ್ತಿಸ್ಬೇಕು ಕಣಮ್ಮಿ. ಇಲ್ಲೇ ಐತಲ್ಲ, ಮೋನಿ ಅವ್ವ ಕೈಯಾರ ಆಕಿದ್ ಒಲೆ. ಸುತ್ತ ನಡ್ಯಕ್ಕೆ ಎಷ್ಟ್ ಜಾಗ ಬುಟ್ಟವ್ಳೆ ನೋಡು' ಎಂದು ಹೇಳುತ್ತಾ, ಅದರ ಮೇಲೆ ಮುಚ್ಚಿದ್ದ ತೆಂಗಿನ ಗರಿಗೆ ಕೈ ಹಾಕಿದರು. ನಾನು ಅವರ ಕೈ ಹಿಡಿದುಕೊಂಡೆ. ಸಂಕ್ರಾಂತಿಯಲ್ಲಿ ನಾನು ಕಸ ಗುಡಿಸುತ್ತಾ ಆ ಗರಿ ಸರಿಸಲು ಹೋದಾಗ ನೀನು ಬಾಗಿಲಲ್ಲಿ ನಿಂತು, 'ಅದನ್ನ ಮುಟ್ಬೇಡಿ' ಎಂದಿದ್ದೆ. ಜೋರಾಗಿಯೂ ಹೇಳಲಿಲ್ಲ. ಮಾರನೇ ದಿನ ಪುಣಜನೂರಿಗೆ, ಅಜ್ಜಿ ಮನೆಗೆ ಹೊರಟುಹೋದೆ. ನಿನ್ನ ತಾಯಿ ತೀರಿಕೊಂಡ ಮೇಲೆ ಆ ಒಲೆಗೆ ಯಾರೂ ಬೆಂಕಿ ಹಾಕಿಲ್ಲ ಎಂದು ನಿಮ್ಮಪ್ಪ ಆಮೇಲೆ ಹೇಳಿದರು. ನಾನು ಮುಟ್ಟಿಲ್ಲಮ್ಮ. ಆ ಕಡೆ ಪೊರಕೆಯನ್ನೂ ಒಯ್ಯುವುದಿಲ್ಲ. ಹಾಗಾಗಿ ಬಾತುಗಳು ಒಲೆ ಸುತ್ತದೇ ಉಳಿದಿವೆ. ನನ್ನ ಹಳೇ ಸೀರೆಗಳನ್ನು ಬೇಲಿಯುದ್ದ ಕಟ್ಟಿ ಅವುಗಳನ್ನು ಹಿತ್ತಲಲ್ಲೇ ಇಟ್ಟುಕೊಂಡಿದ್ದೇನೆ. ದಿನಾ ಸಂಜೆ ನೆನೆಸಿದ ತವುಡಿನ ತಟ್ಟೆ ಬಡಿದು ಕರೆಯುತ್ತೇನೆ. ಮೊನ್ನೆಯಿಂದ ತಟ್ಟೆಯ ಸದ್ದಿಗೆ ಸಾಲಾಗಿ ಬರುತ್ತಿವೆ. ಆದರೂ ಇನ್ನೂ ಒಂದೂ ಮೊಟ್ಟೆ ಇಟ್ಟಿಲ್ಲ. ಜಾಗ ಮನಸ್ಸಿಗೆ ಹಿಡಿದ ಮೇಲೇ ಬಾತು ಮೊಟ್ಟೆ ಇಕ್ಕುವುದು, ಅಲ್ಲಿಯವರೆಗೆ ಅದು ನಿಮ್ಮದಲ್ಲ ಎಂದು ಮುದುಕ ಹೇಳಿದ್ದ. ಅವನ ಮಂದೆಯೂ ಹೊರಟುಹೋಯಿತು, ಇನ್ನು ಕೇಳಲು ಯಾರೂ ಇಲ್ಲ.

ಮಧ್ಯಾಹ್ನ ಕೆಲಸ ಮುಗಿದ ಮೇಲೆ ನಾನು ಒಗೆಯುವ ಕಲ್ಲಿನ ಮೇಲೆ ಕೂರುತ್ತೇನೆ. ನುಗ್ಗೆ ಹೂವು ಒಂದೊಂದೇ ಉದುರಿ ಗುಂಡಿಯ ನೀರಿನ ಮೇಲೆ ಬೀಳುತ್ತದೆ. ಬಾತುಗಳು ಆ ಹೂವಿನ ನಡುವೆ, ಕಾಲು ಆಡಿಸುವುದೇ ಕಾಣದ ಹಾಗೆ, ಗಾಳಿ ತಳ್ಳಿದ ಕಡೆ ಹೋಗುತ್ತವೆ. ನೀರಿನಲ್ಲಿ ಆಕಾಶ ಇರುತ್ತದೆ, ಅವು ಹೋದ ಕಡೆಯೆಲ್ಲ ಆಕಾಶ ಸುಕ್ಕಾಗಿ ಮತ್ತೆ ಸರಿಹೋಗುತ್ತದೆ. ನೋಡುತ್ತಾ ನೋಡುತ್ತಾ ಒಲೆಯ ಮೇಲಿನ ಹಾಲು ಮರೆಯುತ್ತೇನೆ, ಹಾಲು ಉಕ್ಕಿ ವಾಸನೆ ಬಂದ ಮೇಲೇ ಏಳುವುದು. ಒಂದು ದಿನ ಅಲ್ಲೇ ಗೋಡೆಗೆ ಒರಗಿ ನಿದ್ದೆ ಹೋಗಿದ್ದೆ. ಕನಸಿನಲ್ಲಿ ಹಿತ್ತಲೆಲ್ಲ ನೀರು ತುಂಬಿ ಹೊಸಿಲವರೆಗೆ ಬಂದಿತ್ತು. ಬೆಚ್ಚಗಿನ ನೀರು, ಕಾಲಿಟ್ಟರೆ ಕೆಳಗೆ ಮೆತ್ತಗಿನ ಮಣ್ಣು. ನೀನು ಯೂನಿಫಾರಂ ಹಾಕಿಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು, ಮೊಣಕಾಲು ನೀರಿನಲ್ಲಿ ನಡೆದು ಬರುತ್ತಿದ್ದೆ. ನಿನ್ನ ಹಿಂದೆ ಬಾತುಗಳ ಸಾಲು, ಎಷ್ಟು ಎಂದು ಗೊತ್ತಾಗಲಿಲ್ಲ, ಬೆಟ್ಟದವರೆಗೂ ಇದ್ದ ಹಾಗಿತ್ತು. ಕನಸಿನಲ್ಲೂ ನನಗೆ ಒಂದೇ ಚಿಂತೆ, ನಿನಗೆ ಒರೆಸಿಕೊಳ್ಳಲು ಒಣ ಟವೆಲ್ ಇದೆಯೋ ಇಲ್ಲವೋ ಎಂದು. ಎದ್ದವಳೇ ಒಂದು ಹೊಸ ಟವೆಲ್ ತೆಗೆದು ನಿನ್ನ ಕೋಣೆಯ ಮೊಳೆಗೆ ಹಾಕಿದೆ. ಹಸಿರು ಬಣ್ಣದ್ದು.

ಯುಗಾದಿಗೆ ರಜ ಕೊಡುತ್ತಾರಂತಲ್ಲ. ನಿನ್ನನ್ನು ಎಲ್ಲಿಗೆ ಬಿಡಬೇಕು, ಪುಣಜನೂರಿಗೋ ಇಲ್ಲಿಗೋ ಎಂದು ನಿಮ್ಮಪ್ಪ ಭಾನುವಾರ ಕೇಳುತ್ತಾರೆ. ನಾನು ಏನೂ ಹೇಳುವುದಿಲ್ಲ. ಅಜ್ಜಿಗೆ ನೀನೊಬ್ಬಳೇ, ಹೋಗಬೇಕಾದ್ದೇ. ಇಲ್ಲಿಗೆ ಬಂದರೆ ಬಾತುಗಳಿಗೆ ಹೆಸರಿಡುವುದು ಬಾಕಿ ಇದೆ, ಅಷ್ಟೇ. ಕರಿಬಸಮ್ಮ ಏನೇನೋ ಹೆಸರು ಹೇಳಿದರು, ನಾನು ಬೇಡ ಎಂದೆ.

ಚೆನ್ನಾಗಿ ಊಟ ಮಾಡು. ಪರೀಕ್ಷೆಗೆ ನಿದ್ದೆಗೆಟ್ಟು ಓದಬೇಡ. ಪುಣಜನೂರಿನ ಸಣ್ಣತಾಯಮ್ಮಜ್ಜಿಗೆ ನನ್ನ ನಮಸ್ಕಾರ ಹೇಳು, ಅವರ ಮಂಡಿನೋವಿಗೆ ಎಣ್ಣೆ ಕಾಯಿಸಿ ಇಟ್ಟಿದ್ದೇನೆ. ಬೆಟ್ಟದ ಗೋಪಾಲಸ್ವಾಮಿ ನಿನ್ನ ತಲೆ ಕಾಯಲಿ.

ಹಂಗಳದ ನಿನ್ನ ಮನೆಯಿಂದ,
ನೀಲಾವತಿ

ಮಂಗಳವಾರ ಬೆಳಿಗ್ಗೆ ಸೇರಿಸಿದ್ದು: ಪೋಸ್ಟ್‌ಮ್ಯಾನ್ ಶಾಂತರಾಜು ಸೈಕಲ್ ನಿಲ್ಲಿಸಿಕೊಂಡು, 'ಬಿರ್ರನೆ ಕೊಡಕ್ಕಾ' ಎನ್ನುತ್ತಿದ್ದಾನೆ, ಬೇಗ ಬರೆಯುತ್ತೇನೆ. ಈಗ ತವುಡು ಹಾಕಲು ಹೋದರೆ ಮೂರೇ ಬಾತು. ಎಲ್ಲ ಕಡೆ ಹುಡುಕಿದರೆ, ಒಂದು ಹೆಣ್ಣು ಬಾತು ತೆಂಗಿನ ಗರಿಯ ಸಂದಿಯಲ್ಲಿ ನುಸುಳಿ ಒಲೆಯ ಬಾಯೊಳಗೆ ಕೂತಿತ್ತು. ನಾನು ಗರಿ ಎತ್ತಲಿಲ್ಲ ಮೋನಿ, ನೆಲಕ್ಕೆ ಬಗ್ಗಿ ನೋಡಿದೆ, ಅಷ್ಟೇ. ಅದು ಎದ್ದು ಮೈ ಕೊಡವಿ ಆಚೆ ಬಂತು. ಒಳಗೆ ನಿನ್ನಮ್ಮನ ಕಾಲದ ಬೂದಿಯ ಮೇಲೆ ಮೊಟ್ಟೆ ಇದೆ. ತೆಳು ನೀಲಿ. ನಾನು ಕೈ ಹಾಕಿಲ್ಲ, ಹಾಕುವುದೂ ಇಲ್ಲ. ಮುಂಗುಸಿ ಬಾರದ ಹಾಗೆ ಎದುರಿಗೆ ಕೂತು ಕಾಯುತ್ತೇನೆ, ಆದರೆ ಎಷ್ಟು ದಿನ ಕಾಯಲಿ. ನೀನೇ ಬಂದು ತೆಗೆದುಕೊಳ್ಳಬೇಕು. ಗರಿ ನೀನೇ ಸರಿಸು. ಬೇಕೆನಿಸಿದರೆ ಬಾತುಗಳನ್ನು ಒಂದೊಂದಾಗಿ ಎತ್ತಿಕೊಂಡು ಆ ಒಲೆ ಸುತ್ತಿಸು. ನೀನು ಮುಂದೆ ನಡೆ. ಬೇಡ ಅನ್ನದಿದ್ದರೆ, ನಿನ್ನ ಹಿಂದೆ ನಾನೂ ಮೂರು ಸುತ್ತು ಬರುತ್ತೇನೆ.