ಹೆಡ್‌ಲೈಟ್ ಆರಿದ್ದು ನಿನ್ನಿಂದಲ್ಲ

ಮಧುಶ್ರೀ,

ಅಗ್ರಹಾರಕ್ಕೆ ಹೋಗಿ ದಪ್ಪ ವೈರ್ ತರ್ತೀನಿ. ಅಲ್ಲೀವರೆಗೂ ಪಿಕಪ್ ತೆಗೀಬೇಡ. ಗಿಡಗಳ ಲೋಡು ಮಧ್ಯಾಹ್ನ ಬರುತ್ತೆ ಅಂತ ನರ್ಸರಿಯವರಿಗೆ ಹೇಳಿದೀನಿ.

ಬೆಳಿಗ್ಗೆ ಬಾನೆಟ್ ಎತ್ತಿ ನೋಡಿದೆ. ನೀನು ಹಾಕಿಸಿದ ಹೊಸ ಬಲ್ಬು, ರಿಲೇ ಎಲ್ಲಾ ಸರಿಯಾಗೇ ಇದೆ. ಬ್ಯಾಟರಿಯಿಂದ ಬೇರೆ ಅರ್ತ್ ವೈರ್ ಹಿಡಿದ ತಕ್ಷಣ ಎರಡೂ ಲೈಟು ಹತ್ತಿಕೊಂಡವು. ಕೆಟ್ಟಿರೋದು ಗಾಡಿ ತಗಡಿಗೆ ಬಿಗಿದಿರೋ ಹಳೇ ಅರ್ತ್ ವೈರು. ಬೋಲ್ಟಿನ ಕೆಳಗೆ ಬರೀ ತುಕ್ಕು. ಸಣ್ಣ ಬಲ್ಬಿಗೆ ಹೆಂಗೋ ಸಾಕಾಗ್ತಿತ್ತು, ದೊಡ್ಡದಕ್ಕೆ ತಡೀಲಿಲ್ಲ. ಆ ಬೋಲ್ಟ್ ಹಾಕಿ, ತುಕ್ಕಿನ ಮೇಲೇ ಪೇಂಟ್ ಬಳಿದವನು ನಾನೇ ಕಣಮ್ಮ. ನೀನಿನ್ನೂ ಸ್ಕೂಲಿಗೆ ಹೋಗ್ತಿದ್ದೆ.

ನಿನ್ನೆ ರಾತ್ರಿ ನಂಜನಗೂಡು ರಸ್ತೇಲಿ, ಆ ಮಂಜಲ್ಲಿ, ಎರಡೂ ಲೈಟು ಆರಿದ ಮೇಲೂ ನೀನು ಗಾಡೀನ ಪಕ್ಕಕ್ಕೆ ತಂದು ನಿಲ್ಲಿಸ್ದೆ. ನಾನು ಹೆದರಿದ್ಯಾ ಅಂತ ಕೇಳೋದು ಬಿಟ್ಟು, ನಿಮ್ಮತ್ತೆ ಎದುರಿಗೇ "ಯಾವನು ಹೇಳಿದ್ದು ನಿನಗೆ ಲೈಟ್ ಬದಲಾಯಿಸೋಕೆ" ಅಂತ ಕೂಗಾಡ್ಬುಟ್ಟೆ.

ಉಪ್ಪಿಟ್ಟು ಮುಚ್ಚಿಟ್ಟಿದೀನಿ, ಬಿಸಿ ಮಾಡ್ಕೊ. ಸ್ಪ್ಯಾನರ್ ಮುಟ್ಟಬೇಡ, ಆ ಬೋಲ್ಟಿನ ಅಳತೆಗೆ ಹೊಂದಿಸಿಟ್ಟಿದೀನಿ.

ಅತ್ತೆಗೆ ಫೋನ್ ಮಾಡಿ ತಪ್ಪು ನಂದೇ ಅಂತ ಹೇಳಿದೆ. ನಿನಗೆ ಚೀಟೀಲಿ ಹೇಳಿದ್ರೆ ಸಾಲದು. ಬಂದು ಹೇಳ್ತೀನಿ, ಎಲ್ಲೂ ಹೋಗಬೇಡ.

ಅಪ್ಪ