ಮೇಲಿನ ಎರಡು ಹಲಗೆ

ಹೂಡೆ,
ಮಾರ್ಚ್ ೧೪

ಪ್ರೀತಿಯ ಅಣ್ಣನಿಗೆ ಹರಿಣಾಕ್ಷಿಯ ನಮಸ್ಕಾರ.

ಫೋನಿನಲ್ಲಿ ಹೇಳಹೊರಟರೆ ನೀವು ಅರ್ಧದಲ್ಲೇ ಇಟ್ಟುಬಿಡುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ.

ಹೊಳೆಗೆ ಅಡ್ಡ ಇರುವ ಕಿಂಡಿ ಅಣೆಕಟ್ಟಿನಲ್ಲಿ ನೀರು ತಡೆಯಲಿಕ್ಕೆ ಇಳಿಸಿದ್ದ ಮೇಲಿನ ಎರಡು ಹಲಗೆ ಕಳವಾಗಿದೆ ಎಂದು ಸಮಿತಿಯ ಅಧ್ಯಕ್ಷರಾಗಿ ನೀವು ದೂರು ಕೊಟ್ಟಿರಂತೆ. ನೆರೆಮನೆಯ ದೋಣಿಯವ ಯೋಗೀಶನನ್ನು ನಿನ್ನೆ ಬೆಳಿಗ್ಗೆ ಠಾಣೆಗೆ ಕರೆದವರು ಸಂಜೆಯವರೆಗೂ ಬಿಡಲಿಲ್ಲ. ಇವತ್ತೂ ಬರಬೇಕಂತೆ. ಮೊದಲು ಅವನನ್ನು ಬಿಡಿಸಿ. ಹಲಗೆ ಎತ್ತಿದ್ದು ನಾನು ಮತ್ತು ನನ್ನ ಜೊತೆ ಚಿಪ್ಪು ಹೆಕ್ಕುವ ಸರಸಕ್ಕ. ಎರಡೂ ನಮ್ಮ ಅಂಗಳದಲ್ಲೇ ಉಂಟು.

ಅಣೆಕಟ್ಟಿನ ಮೇಲ್ಗಡೆಯ ನಿಮ್ಮ ಬಾವಿಗೆ ಉಪ್ಪು ಹತ್ತಬಾರದು, ಒಪ್ಪುತ್ತೇನೆ. ನಾನೂ ಆ ನೀರು ಕುಡಿದೇ ಬೆಳೆದವಳು. ಆದರೆ ಜನವರಿಯಲ್ಲಿ ಕಿಂಡಿ ಮುಚ್ಚಿದ ಮೇಲೆ, ನಾವು ಹಲಗೆ ಎತ್ತುವವರೆಗೆ, ಹೊಳೆ ಕಡಲು ಸೇರುವ ಈ ಅಳಿವೆಗೆ ಒಂದು ಹನಿ ಸಿಹಿನೀರು ಇಳಿದಿರಲಿಲ್ಲ. ಇಲ್ಲಿಗೆ ಬರುತ್ತಿದ್ದದ್ದು ಬರೀ ಕಡಲ ನೀರು. ಹೊಳೆಯ ನೀರು ಬೆರೆಯದಿದ್ದರೆ ನಾವು ಕೆಸರಿನಿಂದ ಹೆಕ್ಕುವ ಮರುವಾಯಿ ಚಿಪ್ಪು ಬದುಕುವುದಿಲ್ಲ ಎಂದು ಎಷ್ಟು ಸಲ ಹೇಳಿದೆ! "ನಾಲ್ಕು ಚಿಪ್ಪಿಗೋಸ್ಕರ ನಮ್ಮ ಗದ್ದೆ ಒಣಗಿಸುವುದಾ ಮಾರಾಯ್ತಿ?" ಎಂದು ನಕ್ಕಿರಿ.

ಪತ್ರದ ಜೊತೆ ಒಂದು ಬುಟ್ಟಿ ಮರುವಾಯಿ ಕಳುಹಿಸಿದ್ದೇನೆ. ಅತ್ತಿಗೆ ಒಲೆಗೆ ಇಡುವುದು ಬೇಡ. ಎಲ್ಲವೂ ಹೊಳೆಯಲ್ಲೇ ಬಾಯಿ ಬಿಟ್ಟು ಸತ್ತವು.

ಹಲಗೆ ಬೇಕಾದರೆ ಪೊಲೀಸರನ್ನು ಕಳುಹಿಸಬೇಡಿ, ನೀವೇ ಬನ್ನಿ. ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ನೀರಿಳಿತ ಉಂಟು. ನನ್ನ ಜೊತೆ ಹೊಳೆಗಿಳಿದು ಕೆಸರಿಗೆ ಕೈ ಹಾಕಿ ನೋಡಿ. ಆಮೇಲೂ ಕಿಂಡಿ ಮುಚ್ಚಬೇಕು ಅನ್ನಿಸಿದರೆ ಹಲಗೆಯನ್ನು ನಾನೇ ಹೊತ್ತು ತರುತ್ತೇನೆ.

ಬರುವಾಗ ನಿಮ್ಮ ಬಾವಿಯ ನೀರು ಒಂದು ಕ್ಯಾನ್ ತನ್ನಿ. ನಮ್ಮ ಬಾವಿಯ ನೀರಿನ ಚಹಾ ನಿಮಗೆ ಕುಡಿಯಲಿಕ್ಕಾಗದು.

ನಿಮ್ಮ ತಂಗಿ,
ಹರಿಣಾಕ್ಷಿ